ಎಷ್ಟು ಕಾಲಂ ಇರಲಿ?

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲೂಕುಗಳಲ್ಲಿ ಹೊಸದಾಗಿ ವೆಬ್‌ಸೈಟು ಮಾಡಿಸುತ್ತಿರುವ ರೈತ ಉತ್ಪಾದಕ ಕಂಪನಿ, ಸಹಕಾರಿ ಸಂಘ, ಕುಶಲಕರ್ಮಿಗಳ ಸಂಘ ಹಾಗೂ ಸಂಗೀತ ಸಮಿತಿಗಳ ಎಲ್ಲ ಪದಾಧಿಕಾರಿಗಳಿಗೆ,



ಮೂರು ಕಾಲಂ ಬ್ಯಾಡ್ರಿ. ಸುಗ್ಗಿಯ ಗಡಿಬಿಡಿಯಲ್ಲಿ ಪತ್ರ ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಇಷ್ಟು ಮುಟ್ಟಿದರೂ ಸಾಕು. ಪುರುಸೊತ್ತಿದ್ದವರು ಮುಂದೆ ಓದಿ, ಯಾಕೆ ಬೇಡ ಎನ್ನುವುದನ್ನು ಸಾವಕಾಶ ಹೇಳುತ್ತೇನೆ.

ದೇಶದಲ್ಲಿ 10,000 ರೈತ ಉತ್ಪಾದಕ ಸಂಸ್ಥೆ ಕಟ್ಟುವ ಯೋಜನೆಯನ್ನು ಕೇಂದ್ರ ಸರಕಾರ 2020ರಲ್ಲಿ ತಂದ ಮೇಲೆ ನಮ್ಮ ಕಡೆಯೂ ಇಂಥ ಕಂಪನಿಗಳ ಬೋರ್ಡು ಕಾಣತೊಡಗಿದವು. ಕಂಪನಿ ಎಂದ ಮೇಲೆ ವೆಬ್‌ಸೈಟು ಬೇಕು. ಜಮಖಾನ ನೇಯುವವರಿಗೆ ಬೇಕು, ಬಣ್ಣದ ತೊಟ್ಟಿಲು ಮಾಡುವವರಿಗೆ ಬೇಕು, ಸಂಗೀತೋತ್ಸವ ನಡೆಸುವವರಿಗೂ ಬೇಕು. ಬೇಡ ಎನ್ನಲು ನಾನು ಯಾರು? ಆದರೆ ಅದನ್ನು ಆರಿಸುವ ಸಭೆ ಹೇಗಿರುತ್ತದೆಂದು ನನಗೆ ಗೊತ್ತು. ಅಂಥ ಕೆಲವು ಸಭೆಗಳಲ್ಲಿ ಮೂಲೆಯ ಕುರ್ಚಿಯಲ್ಲಿ ನಾನೂ ಕುಳಿತಿದ್ದೇನೆ. ಹುಬ್ಬಳ್ಳಿಯಿಂದ ಬಂದ ಡೆವಲಪರ್ ಹುಡುಗ ಗೋಡೆಯ ಮೇಲೆ ಪ್ರೊಜೆಕ್ಟರ್ ಬಿಟ್ಟು ಮೂರು ಮಾದರಿ ತೋರಿಸುತ್ತಾನೆ. ಮೊದಲನೆಯದು ಒಂದೇ ಕಾಲಂ: ಮೇಲೆ ಹೆಸರು, ಕೆಳಗೆ ವಿಷಯ, ಅದರ ಕೆಳಗೆ ಮತ್ತಷ್ಟು ವಿಷಯ. ಎರಡನೆಯದರಲ್ಲಿ ಬಲಕ್ಕೊಂದು ಸಣ್ಣ ಪಟ್ಟಿ. ಮೂರನೆಯದರಲ್ಲಿ ಎಡಕ್ಕೊಂದು ಪಟ್ಟಿ, ಬಲಕ್ಕೊಂದು ಪಟ್ಟಿ, ನಡುವೆ ವಿಷಯ, ನೆತ್ತಿಯ ಮೇಲೆ ಒಂದಾದ ಮೇಲೊಂದು ಸರಿಯುವ ಫೋಟೊಗಳು, ಅವುಗಳ ಕೆಳಗೆ ಓಡುವ ಅಕ್ಷರ. “ಒಂದನೇದ್ದು ಭಾಳ ಬೋಳ ಕಾಣಸ್ತೈತ್ರಿ” ಎಂದು ಒಬ್ಬರು. “ಇಷ್ಟ ರೊಕ್ಕಾ ಕೊಡೂದು ಕೊಡ್ತೀವಿ, ತುಂಬಿದಂಗ ಕಾಣಬೇಕು” ಎಂದು ಇನ್ನೊಬ್ಬರು. ಮೂರು ಕಾಲಮ್ಮಿಗೆ ಎಲ್ಲರ ಕೈ ಏಳುತ್ತದೆ, ಚಹಾ ಬರುತ್ತದೆ, ಠರಾವು ಪಾಸಾಗುತ್ತದೆ.

ಆ ಪುಟವನ್ನು ಗೋಡೆಯಷ್ಟು ದೊಡ್ಡದಾಗಿ ಇನ್ನೊಮ್ಮೆ ಯಾರೂ ನೋಡುವುದಿಲ್ಲ. ಮೊರಬದ ಸದಸ್ಯ ನೋಡುವುದು ಹೊಲದ ಬದುವಿನ ಮೇಲೆ ನಿಂತು, ಬಿಸಿಲಿಗೆ ಕೈ ಮರೆ ಮಾಡಿಕೊಂಡು. ಸಂಶಿಯವರು ನೋಡುವುದು ಬಸ್ಸಿನಲ್ಲಿ. ದುಮ್ಮವಾಡದವರು ನೋಡುವುದು ನೆಟ್‌ವರ್ಕ್ ಸಿಗುವ ಕಡೆ ಬಂದು. ಎಲ್ಲರ ಕೈಯಲ್ಲೂ ಅಂಗೈಯಗಲದ ಫೋನು. ಮಂಡಳಿ ಆರಿಸಿದ ಗೋಡೆ ಒಂದು, ಸದಸ್ಯ ನೋಡುವ ಗಾಜು ಇನ್ನೊಂದು. ನನ್ನ ತಕರಾರು ಇಲ್ಲಿಂದ ಶುರು.

ಕಾಲಮ್ಮಿನ ಮೇಲೆ ನನಗೆ ಸಿಟ್ಟೇನಿಲ್ಲ. ಪತ್ರಿಕೆಯ ಪುಟ ಕಟ್ಟುವ ಕೆಲಸದಲ್ಲೇ ನನ್ನ ಅರ್ಧ ಆಯುಷ್ಯ ಹೋಯಿತು. ಪೇಜ್‌ಮೇಕರಿನಲ್ಲಿ ಶ್ರೀಲಿಪಿ ಅಕ್ಷರ ಸುರಿದು ಎಂಟು ಕಾಲಂ ತುಂಬಿಸುತ್ತಿದ್ದ ಕಾಲದಿಂದ ಅನ್ನ ಕೊಟ್ಟದ್ದು ಅದೇ. ಸಿಂಗಲ್ ಕಾಲಂ, ಡಬಲ್ ಕಾಲಂ, ಬಾಕ್ಸ್ ಐಟಂ, ತಳಕ್ಕೆ ಆಂಕರ್: ಯಾವ ಸುದ್ದಿಗೆ ಎಷ್ಟು ತೂಕ ಎನ್ನುವುದನ್ನು ಅಗಲದಲ್ಲೇ ಹೇಳುವ ವಿದ್ಯೆ ಅದು. ಆದರೆ ಪತ್ರಿಕೆಗೆ ಕಾಲಂ ಬಂದದ್ದು ಅಂದಕ್ಕಲ್ಲ. ಬ್ರಾಡ್‌ಶೀಟ್ ಹಾಳೆ ಅಷ್ಟಗಲ. ಈ ತುದಿಯಿಂದ ಆ ತುದಿಗೆ ಒಂದೇ ಸಾಲು ಓಡಿಸಿದರೆ, ತಿರುಗಿ ಬರುವಾಗ ಕಣ್ಣಿಗೆ ಮುಂದಿನ ಸಾಲಿನ ತಲೆ ಸಿಗುವುದಿಲ್ಲ; ಓದಿದ ಸಾಲನ್ನೇ ಮತ್ತೆ ಓದುತ್ತೇವೆ, ಇಲ್ಲವೇ ಒಂದನ್ನು ಹಾರುತ್ತೇವೆ. ಅಚ್ಚಿನ ಮೊಳೆ ಜೋಡಿಸುವವರಿಗೂ ಚಿಕ್ಕ ಸಾಲೇ ಸಲೀಸು. ಜಾಹೀರಾತು ಮಾರುವವರಿಗಂತೂ ಕಾಲಂ ಸೆಂಟಿಮೀಟರ್ ಎಂಬ ಅಳತೆಗೋಲೇ ಸಿಕ್ಕಿತು. ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂದಾಗ ಪುಟಕ್ಕೆ ಎರಡು ಕಾಲಂ ಇಟ್ಟದ್ದೂ ಇಂಥ ಲೆಕ್ಕದಿಂದಲೇ. ಅದರಲ್ಲಿ ಬರುವವು ತುಂಡು ತುಂಡು ವಿವರಣೆಗಳು, ಹುಡುಕುವವರು ಮೇಲಿಂದ ಕೆಳಗೆ ಬೆರಳಾಡಿಸಿಕೊಂಡು ಬರುತ್ತಾರೆ. ಅದೇ ಕಾಲದ ಕಥೆ ಪುಸ್ತಕ ತೆಗೆದು ನೋಡಿ, ಒಂದೇ ಕಾಲಂ. ಹಾಳೆಯ ಅಗಲ ಎಷ್ಟು, ಓದುವವರು ಅದನ್ನು ಓದುವ ರೀತಿ ಯಾವುದು, ಈ ಎರಡನ್ನು ನೋಡಿ ಮುದ್ರಕರು ಕಾಲಂ ಗೊತ್ತು ಮಾಡುತ್ತಿದ್ದರು. ಫೋನಿನ ಹಾಳೆ ಪತ್ರಿಕೆಯ ಎರಡು ಕಾಲಮ್ಮಿನಷ್ಟೂ ಅಗಲವಿಲ್ಲ. ಅದನ್ನು ಮತ್ತೆ ಸೀಳುವುದಕ್ಕೆ ಕಾರಣ ಬೇಕಲ್ಲ.

ಹಾಗಾದರೆ ಈ ಮೂರು ಕಾಲಮ್ಮಿನ ಟೆಂಪ್ಲೇಟು ಬಂದದ್ದು ಎಲ್ಲಿಂದ? ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ 1991ರಲ್ಲಿ ಜಗತ್ತಿಗೆ ತೋರಿಸಿದ ಮೊದಲ ವೆಬ್ ಪುಟ ಒಂದೇ ಕಾಲಮ್ಮಿನದು: ಬರೀ ಅಕ್ಷರ, ನಡುನಡುವೆ ಲಿಂಕು. ಆಮೇಲೆ ಕಂಪ್ಯೂಟರ್ ಪರದೆ ಅಗಲವಾಯಿತು, ಪತ್ರಿಕೆಯಂತೆ ಕಾಣಬೇಕೆಂಬ ಹಂಬಲ ಬಂತು. ಅಂಕಿಅಂಶಕ್ಕೆಂದು ಮಾಡಿದ ಕೋಷ್ಟಕಗಳನ್ನೇ ಅಡ್ಡದಾರಿಯಲ್ಲಿ ಬಳಸಿ ಪುಟ ಕಟ್ಟತೊಡಗಿದರು. ನಡುವೆ ವಿಷಯ, ಎರಡೂ ಬದಿಗೆ ಪಟ್ಟಿ ಇರುವ ಪುಟವನ್ನು ಸರಿಯಾಗಿ ನಿಲ್ಲಿಸುವುದು ಎಷ್ಟು ಕಷ್ಟವಿತ್ತೆಂದರೆ ಆ ಕಸುಬಿನವರು ಅದನ್ನು ‘ಹೋಲಿ ಗ್ರೇಲ್’ ಎಂದು ಕರೆದರು. ಕ್ರೈಸ್ತ ಐತಿಹ್ಯದಲ್ಲಿ ವೀರರೆಲ್ಲ ಹುಡುಕಿ ಸುಸ್ತಾದ ಪವಿತ್ರ ಪಾತ್ರೆಯ ಹೆಸರು ಅದು. 2006ರ ಸುಮಾರಿಗೆ ಮೂರು ಕಾಲಂ ನಿಲ್ಲಿಸಬಲ್ಲವನೇ ಜಾಣ. 2010ರಲ್ಲಿ ಈಥನ್ ಮಾರ್ಕಾಟ್ ಎಂಬ ಅಮೆರಿಕದ ವಿನ್ಯಾಸಕಾರ ಪರದೆಯ ಅಗಲ ನೋಡಿ ಪುಟ ತಾನೇ ಹೊಂದಿಕೊಳ್ಳುವ ಪದ್ಧತಿಯನ್ನು ಬರೆದು ತೋರಿಸಿದ. ‘ರೆಸ್ಪಾನ್ಸಿವ್’ ಎಂದು ನಿಮ್ಮ ಡೆವಲಪರ್ ಹೇಳುವುದು ಅದನ್ನೇ. 2017ರ ಮಾರ್ಚಿನಲ್ಲಿ ‘ಗ್ರಿಡ್’ ಎಂಬ ಸವಲತ್ತು ಕ್ರೋಮ್, ಫೈರ್‌ಫಾಕ್ಸ್, ಸಫಾರಿಗಳಿಗೆ ಬಂದ ಮೇಲೆ ಎಷ್ಟು ಕಾಲಂ ಬೇಕಾದರೂ ನಾಲ್ಕು ಸಾಲಿನಲ್ಲಿ ಬರೆಯಬಹುದು. ಕಷ್ಟವಿದ್ದಾಗ ಮೂರು ಕಾಲಮ್ಮಿಗೆ ಮರ್ಯಾದೆ ಇತ್ತು. ಕಷ್ಟ ಹೋಗಿ ವರ್ಷಗಳಾದವು, ಅಂಗಡಿಯಲ್ಲಿ ಹಳೆಯ ಟೆಂಪ್ಲೇಟು ಮಾತ್ರ ಉಳಿದಿದೆ. ಹುಡುಗನ ಹತ್ತಿರ ಇರುವುದನ್ನು ಹುಡುಗ ತೋರಿಸುತ್ತಾನೆ, ಅವನನ್ನು ಬೈಯುವಂಥದ್ದೇನಿಲ್ಲ.

“ಫೋನಿನ್ಯಾಗ ಅದು ತಾನ ಒಂದ ಕಾಲಂ ಆಗ್ತೈತ್ರಿ ಸರ್” ಎಂದು ಅವನೇ ಸಮಾಧಾನ ಹೇಳುತ್ತಾನೆ. ನಿಜ, ಆಗುತ್ತದೆ. ಹೇಗೆ ಆಗುತ್ತದೆ ಎನ್ನುವುದನ್ನು ಯಾರೂ ಕೇಳುವುದಿಲ್ಲ, ಎಡವಟ್ಟು ಇರುವುದು ಅಲ್ಲೇ. ಅಕ್ಕಪಕ್ಕ ನಿಂತ ಮೂರು ಪಟ್ಟಿಗಳು ಫೋನಿನಲ್ಲಿ ಒಂದರ ಕೆಳಗೊಂದು ಬಂದು ಕೂರುತ್ತವೆ. ಬರೆಯುವಾಗ ಯಾವುದನ್ನು ಮೊದಲು ಬರೆದಿದೆಯೋ ಅದು ಮೇಲೆ. ಸಾಮಾನ್ಯವಾಗಿ ಎಡಗಡೆಯ ಪಟ್ಟಿಯೇ ಮೊದಲು. ಆ ಎಡಪಟ್ಟಿಯಲ್ಲಿ ನೀವು ಏನಿಟ್ಟಿದ್ದೀರಿ? ಅಧ್ಯಕ್ಷರ ಫೋಟೊ, ಉಪಾಧ್ಯಕ್ಷರ ಫೋಟೊ, ‘ನಮ್ಮ ಪ್ರೇರಣೆ’ ಎಂದು ಇನ್ನೆರಡು ಫೋಟೊ, ಮಂತ್ರಿಗಳ ಜೊತೆ ನಿಂತದ್ದೊಂದು. ಹೆಸರುಕಾಳಿನ ಬೀಜ ಬಂದಿದೆಯೇ ಎಂದು ನೋಡಲು ಬಂದ ರೈತ ಐದು ಫೋಟೊಗಳನ್ನು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಬೇಕು. ಅಷ್ಟರೊಳಗೆ ಅವನಿಗೆ ಬೇಜಾರಾಗಿ, ಕಾರ್ಯದರ್ಶಿಗೆ ಫೋನ್ ಹಚ್ಚುತ್ತಾನೆ. ಇನ್ನು ವೆಬ್‌ಸೈಟು ಯಾತಕ್ಕೆ?

ನಮ್ಮ ಸಮಾರಂಭಗಳ ಆಮಂತ್ರಣ ಪತ್ರಿಕೆ ನೆನಪಿಸಿಕೊಳ್ಳಿ. ಸಾನ್ನಿಧ್ಯ, ಅಧ್ಯಕ್ಷತೆ, ಉದ್ಘಾಟನೆ, ಘನ ಉಪಸ್ಥಿತಿ ಎಂದು ಹೆಸರುಗಳನ್ನು ಯಾವ ಕ್ರಮದಲ್ಲಿ ಹಾಕಬೇಕೆಂದು ರಾತ್ರಿ ಹನ್ನೊಂದರವರೆಗೆ ಜಗಳ ಆಡುತ್ತೇವೆ. ಪ್ರೂಫ್ ಮೂರು ಸಲ ತಿದ್ದುತ್ತೇವೆ. ಒಬ್ಬರ ಹೆಸರು ಒಂದು ಸಾಲು ಕೆಳಗೆ ಹೋದರೆ ಅವರು ಕಾರ್ಯಕ್ರಮಕ್ಕೇ ಬರುವುದಿಲ್ಲ. ಫೋನಿನ ಒಂದು ಕಾಲಂ ಎಂದರೆ ಅಂಥದ್ದೇ ಪತ್ರಿಕೆ; ಯಾರು ಮೇಲೆ, ಯಾರು ಕೆಳಗೆ ಎಂದು ತೀರ್ಮಾನಿಸದೆ ಗತಿಯಿಲ್ಲ. ಮೂರು ಕಾಲಂ ಮಾಡಿದರೆ ಆ ತೀರ್ಮಾನದಿಂದ ತಪ್ಪಿಸಿಕೊಂಡೆವು ಅನಿಸುತ್ತದೆ, ಎಲ್ಲರೂ ಮೇಲೇ ಇದ್ದಾರಲ್ಲ! ಮಂಡಳಿಯವರಿಗೆ ಮೂರು ಕಾಲಂ ಇಷ್ಟವಾಗುವುದಕ್ಕೆ ಅಂದಕ್ಕಿಂತ ಇದೇ ದೊಡ್ಡ ಕಾರಣ ಎಂಬ ಗುಮಾನಿ ನನಗೆ. ನೀವು ತೀರ್ಮಾನಿಸದಿದ್ದರೆ ಟೆಂಪ್ಲೇಟು ಬರೆದ ಯಾವನೋ ಅಪರಿಚಿತ ನಿಮ್ಮ ಪರವಾಗಿ ತೀರ್ಮಾನಿಸಿರುತ್ತಾನೆ. ಅವನಿಗೆ ನಿಮ್ಮ ಸದಸ್ಯನೂ ಗೊತ್ತಿಲ್ಲ, ನಿಮ್ಮ ಅಧ್ಯಕ್ಷರೂ ಗೊತ್ತಿಲ್ಲ.

ಆದ್ದರಿಂದ ಸಭೆಯಲ್ಲಿ ‘ಎಷ್ಟು ಕಾಲಂ’ ಎಂದು ಕೇಳುವ ಮುಂಚೆ ಒಂದು ಹಾಳೆ ತೆಗೆದುಕೊಂಡು, ನಮ್ಮ ಸೈಟಿಗೆ ಯಾರು, ಯಾವಾಗ, ಏನು ಹುಡುಕಿಕೊಂಡು ಬರುತ್ತಾರೆ ಎಂದು ಬರೆಯಿರಿ. ಮುಂಗಾರಿಗೆ ಮುಂಚೆ ಬೀಜ, ಗೊಬ್ಬರ. ಹೆಸರು ಬಿಡಿಸಿದ ಮೇಲೆ ಖರೀದಿ ಕೇಂದ್ರ ಯಾವಾಗ ತೆರೆಯುತ್ತದೆ, ನೋಂದಣಿಗೆ ಏನೇನು ಕಾಗದ ಬೇಕು. ಹಿಂಗಾರಿನಲ್ಲಿ ಕಡಲೆ. ಬೆಣ್ಣೆಹಳ್ಳ ಉಕ್ಕಿ ಹೊಲಕ್ಕೆ ನುಗ್ಗಿದ ವರ್ಷ ಪರಿಹಾರದ ಅರ್ಜಿಗೆ ಕೊನೆಯ ದಿನ. ನವಲಗುಂದದ ರೈತ ಸಂಘಟನೆಯಾದರೆ 1980ರ ರೈತ ಬಂಡಾಯವನ್ನು ನೆನೆಯುವ ಜುಲೈ 21ರ ಕಾರ್ಯಕ್ರಮದ ವೇಳಾಪಟ್ಟಿ. ಇವು ಹಂಗಾಮಿಗೆ ತಕ್ಕಂತೆ ಮೇಲೆ ಕೆಳಗೆ ಆಗಬೇಕು. ಅಧ್ಯಕ್ಷರ ಫೋಟೊಕ್ಕೂ ಜಾಗವಿದೆ, ‘ನಮ್ಮ ಬಗ್ಗೆ’ ಪುಟದಲ್ಲಿ. ಅಲ್ಲಿ ಬೇಕಾದರೆ ದೊಡ್ಡದಾಗಿ ಹಾಕಿ.

ಇನ್ನೊಂದು ಮಾತು. ನಿಮ್ಮ ಸದಸ್ಯರು ಮುಖಪುಟದ ಬಾಗಿಲಿನಿಂದ ಬರುವುದೇ ಅಪರೂಪ. ಯಾರೋ ವಾಟ್ಸಾಪಿನಲ್ಲಿ ಹಾಕಿದ ಲಿಂಕು ಒತ್ತಿ ನೇರ ಒಳಪುಟಕ್ಕೆ ಇಳಿಯುತ್ತಾರೆ. ಮುಖಪುಟದ ಮೂರು ಕಾಲಮ್ಮಿಗೆ ಎರಡು ತಾಸು ಚರ್ಚಿಸಿದ ಮಂಡಳಿ, ಆ ಒಳಪುಟ ಹೇಗಿರಬೇಕೆಂದು ಎರಡು ನಿಮಿಷವೂ ನೋಡಿರುವುದಿಲ್ಲ.

ಈಗ ಕನ್ನಡಕ್ಕೆ ಬರುತ್ತೇನೆ. ಪುಟ ಕಟ್ಟಿದವನಾಗಿ ನನಗೆ ಹೆಚ್ಚು ಸಂಕಟವಾಗುವ ಜಾಗ ಇದು. ಟೆಂಪ್ಲೇಟು ತೋರಿಸುವಾಗ ಅದರಲ್ಲಿ ತುಂಬಿರುವುದು ‘ಲೋರೆಮ್ ಇಪ್ಸಮ್’ ಎಂಬ ಅರ್ಥವಿಲ್ಲದ ಲ್ಯಾಟಿನ್. ಗಿಡ್ಡ ಗಿಡ್ಡ ಪದಗಳು, ಎಂಥ ಸಣ್ಣ ಡಬ್ಬಿಯಲ್ಲೂ ಚಂದ ಕೂರುತ್ತವೆ. ಅದೇ ಡಬ್ಬಿಗೆ ನಮ್ಮ ಮಾತು ಹಾಕಿ ನೋಡಿ. ಕನ್ನಡ ಪದಕ್ಕೆ ಪ್ರತ್ಯಯದ ಮೇಲೆ ಪ್ರತ್ಯಯ ಹತ್ತಿಕೊಳ್ಳುತ್ತವೆ, ಸಂಧಿಯಾಗಿ ಎರಡು ಪದ ಒಂದಾಗುತ್ತವೆ. ‘ಅಧಿಸೂಚನೆಯಲ್ಲಿರುವಂತೆ’ ಎಂದರೆ ಹತ್ತು ಅಕ್ಷರ. ‘ಫಲಾನುಭವಿಗಳಾಗಿರುವವರಿಗೆ’ ಎಂದರೆ ಹದಿಮೂರು. ಸಾಧಾರಣ ಆಂಡ್ರಾಯ್ಡ್ ಫೋನಿನ ಅಗಲವನ್ನು ವೆಬ್ ಕಸುಬಿನವರು 360 ಪಿಕ್ಸೆಲ್ ಎಂದು ಲೆಕ್ಕ ಹಿಡಿಯುತ್ತಾರೆ. ಕಣ್ಣಿಗೆ ತ್ರಾಸಾಗದ ಗಾತ್ರದಲ್ಲಿ ಕನ್ನಡ ಹಾಕಿದರೆ ಅಷ್ಟರಲ್ಲಿ ಒಂದು ಸಾಲಿಗೆ ಇಪ್ಪತ್ತು, ಇಪ್ಪತ್ತೈದು ಅಕ್ಷರ ಹಿಡಿಸಬಹುದು, ಅಂದರೆ ಮೂರು ನಾಲ್ಕು ಪದ. ಅದನ್ನು ಎರಡು ಕಾಲಂ ಮಾಡಿದಿರೋ, ಸಾಲಿಗೊಂದೇ ಪದ. ಉದ್ದನೆಯದು ಬಂದರೆ ಅದೂ ಹಿಡಿಸದೆ ಪಕ್ಕದ ಕಾಲಮ್ಮಿನ ಮೇಲೆ ಹರಿಯುತ್ತದೆ.

ಪತ್ರಿಕೆಯಲ್ಲಿ ನಾವು ಈ ತ್ರಾಸಿಗೆ ಉಪಾಯ ಮಾಡಿಕೊಂಡಿದ್ದೆವು. ಸಾಲಿನ ಕೊನೆಗೆ ಪದ ಹಿಡಿಸದಿದ್ದರೆ ಅಕ್ಷರದ ಗಡಿ ನೋಡಿ ಕತ್ತರಿಸಿ ಉಳಿದದ್ದನ್ನು ಕೆಳಗೆ ಇಳಿಸುತ್ತಿದ್ದೆವು. ಒತ್ತಕ್ಷರ ಒಡೆಯದಂತೆ, ಅರ್ಥ ಕೆಡದಂತೆ. ಆಳು ಕೂತು ಮಾಡುವ ಕೆಲಸ ಅದು. ಬ್ರೌಸರಿಗೆ ಬಿಟ್ಟರೆ ಅದು ಸಾಮಾನ್ಯವಾಗಿ ಪದಗಳ ನಡುವಿನ ಖಾಲಿ ಜಾಗದಲ್ಲಿ ಮಾತ್ರ ಸಾಲು ಮುರಿಯುತ್ತದೆ. ಇದರ ಮೇಲೆ ‘ಎರಡೂ ಅಂಚು ಸಮ ಇರಲಿ, ಪೇಪರಿನಂಗ ಕಾಣಲಿ’ ಎಂದು ಜಸ್ಟಿಫೈ ಮಾಡಿಸಿದರೆ ಮುಗಿಯಿತು. ಎರಡು ಪದ ಎರಡು ಗೋಡೆಗೆ ಹೋಗಿ ಅಂಟಿಕೊಂಡು ನಡುವೆ ದೊಡ್ಡ ಬಯಲು ಬೀಳುತ್ತದೆ. ವೆಬ್ ಪುಟಗಳು ಎಲ್ಲರಿಗೂ ಓದಲು ಬರುವಂತಿರಲಿ ಎಂದು 2008ರಲ್ಲಿ ಹೊರಟ ಅಂತಾರಾಷ್ಟ್ರೀಯ ಸೂತ್ರಗಳ ಮೇಲ್ದರ್ಜೆಯ ನಿಯಮಗಳಲ್ಲಿ ಮೂರು ಮಾತುಗಳಿವೆ: ಸಾಲು 80 ಅಕ್ಷರ ಮೀರಬಾರದು, ಸಾಲುಗಳ ನಡುವಿನ ಅಂತರ ಕನಿಷ್ಠ ಒಂದೂವರೆ ಪಟ್ಟು ಇರಬೇಕು, ಎರಡೂ ಅಂಚು ಸಮ ಮಾಡಬಾರದು. ಕನ್ನಡಕ್ಕೆ 80 ಅಕ್ಷರ ವಿಪರೀತವಾಯಿತು. ನಮ್ಮ ಒಂದು ಅಕ್ಷರದೊಳಗೆ ವ್ಯಂಜನ, ಸ್ವರ, ಒತ್ತು ಎಲ್ಲ ತುಂಬಿರುತ್ತವೆ. ದೊಡ್ಡ ಪರದೆಯಲ್ಲೂ ಮೂವತ್ತೈದರಿಂದ ನಲವತ್ತೈದು ಅಕ್ಷರಕ್ಕೆ ಸಾಲು ನಿಲ್ಲಿಸಿ ಎನ್ನುವುದು ನನ್ನ ಕಣ್ಣಳತೆಯ ಲೆಕ್ಕ. ನಂಬಿಕೆ ಬಾರದಿದ್ದರೆ ಮನೆಯಲ್ಲಿರುವ ಒಳ್ಳೆಯ ಕಾದಂಬರಿಯೊಂದನ್ನು ತೆರೆದು ಒಂದು ಸಾಲಿನ ಅಕ್ಷರ ಎಣಿಸಿ ನೋಡಿ. ಸಾಲಿನ ಅಂತರವಂತೂ ನಮಗೆ ಒಂದೂವರೆಗಿಂತ ಜಾಸ್ತಿಯೇ ಬೇಕು. ‘ಅಣ್ಣಿಗೇರಿ’ಗೆ ಒಂದು ಒತ್ತು ಕೆಳಗಿಳಿದರೆ ‘ಹುಬ್ಬಳ್ಳಿ’ಗೆ ಎರಡು ಇಳಿಯುತ್ತವೆ, ‘ರಾಷ್ಟ್ರೀಯ’ ಇನ್ನೂ ಆಳಕ್ಕೆ ಹೋಗುತ್ತದೆ. ಇಂಗ್ಲಿಷಿಗೆ ಅಳೆದ ಅಂತರದಲ್ಲಿ ಇವು ಕೆಳಗಿನ ಸಾಲಿನ ಗುಣಿತ, ಏತ್ವಗಳಿಗೆ ತಾಗುತ್ತವೆ.

ಪ್ರಸಂಗ ಬಂತೆಂದು ಹೇಳುತ್ತೇನೆ, ಗೂಗಲ್ಲಿನ ಉಚಿತ ಅಕ್ಷರಗಳ ಪಟ್ಟಿಯಲ್ಲಿ ‘ಹುಬ್ಬಳ್ಳಿ’ ಎಂಬ ಹೆಸರಿನದೇ ಒಂದು ಕನ್ನಡ ಫಾಂಟು ಇದೆ. ತಲೆಬರಹಕ್ಕೆ ಬೇಕಾದರೆ ಊರಿನ ಅಭಿಮಾನಕ್ಕೆ ಅದನ್ನು ಹಾಕಿಸಿ. ಒಳಗಿನ ಓದಿಗೆ ನೋಟೊ ಸಾನ್ಸ್ ಕನ್ನಡದಂಥ ಸಾದಾ ಅಕ್ಷರವೇ ವಾಸಿ. ಹಳೆಯ ನುಡಿ, ಶ್ರೀಲಿಪಿ ತಂತ್ರಾಂಶಗಳ ಫೈಲಿನಿಂದ ಎತ್ತಿ ಹಾಗೆಯೇ ಅಂಟಿಸಬೇಡಿ, ಯುನಿಕೋಡಿಗೆ ಬದಲಿಸಿಕೊಳ್ಳಿ. ಇಲ್ಲವಾದರೆ ಕಾಲಂ ಒಂದಿರಲಿ ಮೂರಿರಲಿ, ಕಾಣುವುದು ಗೊಂದಲದ ಗುರುತುಗಳಷ್ಟೇ. ನೋಟೀಸಿನ ಫೋಟೊ ಹೊಡೆದು ಹಾಕುವ ಚಾಳಿಯೂ ಬೇಡ. ಫೋಟೊದೊಳಗಿನ ಅಕ್ಷರ ಫೋನಿನ ಅಗಲಕ್ಕೆ ಮಡಚಿಕೊಳ್ಳುವುದಿಲ್ಲ, ಹುಡುಕಿದರೆ ಸಿಗುವುದಿಲ್ಲ, ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳಲು ಪರದಾಡುತ್ತದೆ.

ಬಲಗಡೆಯ ಪಟ್ಟಿಯ ಬಗ್ಗೆ ಒಂದೆರಡು ಮಾತು, ಯಾಕೆಂದರೆ ‘ಮುಖ್ಯ ಸೂಚನೆ’ ಎಂಬ ಕೆಂಪು ಡಬ್ಬಿಯನ್ನು ಎಲ್ಲರೂ ಅಲ್ಲೇ ಇಡಿಸುತ್ತಾರೆ. ಜಾಹೀರಾತಿನಂತೆ ಕಾಣುವುದನ್ನು ಓದುಗರ ಕಣ್ಣು ತಾನಾಗಿ ಬಿಟ್ಟು ಮುಂದೆ ಹೋಗುತ್ತದೆ ಎಂದು ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 1998ರಲ್ಲೇ ತೋರಿಸಿದ್ದರು. 2006ರಲ್ಲಿ ವೆಬ್ ಬಳಕೆಯ ಸಂಶೋಧಕ ಯಾಕೋಬ್ ನೀಲ್ಸನ್ 232 ಜನರ ಕಣ್ಣಿನ ಓಡಾಟ ಅಳೆದು ನೋಡಿದಾಗ, ನೋಟ ಎಡ ಅಂಚನ್ನು ಹಿಡಿದು ಕೆಳಗಿಳಿಯುತ್ತದೆ, ಮೇಲ್ಭಾಗದಲ್ಲಿ ಒಂದೆರಡು ಸಲ ಮಾತ್ರ ಬಲಕ್ಕೆ ಹೋಗಿ ಬರುತ್ತದೆ ಎಂದು ಕಂಡಿತು. ಕೆಂಪು ಬಣ್ಣ, ಮಿನುಗುವ ‘ಹೊಸದು’ ಗುರುತು, ಬಲಗಡೆಯ ಡಬ್ಬಿ: ಜಾಹೀರಾತಿನ ಲಕ್ಷಣ ಎಲ್ಲವೂ ನಿಮ್ಮ ಮುಖ್ಯ ಸೂಚನೆಗೇ ಬಂದು ಕೂತಿವೆ. ಫೋನಿನಲ್ಲಂತೂ ಆ ಡಬ್ಬಿ ಎಲ್ಲಕ್ಕಿಂತ ಕೆಳಗೆ ಹೋಗಿ, ಕಾಪಿರೈಟ್ ಸಾಲಿನ ನೆರೆಯಲ್ಲಿ ಸಿಗುತ್ತದೆ.

ಕಾಲಂ ಬೇಕೇ ಬೇಕು ಎನ್ನುವ ಜಾಗಗಳೂ ಇವೆ. ದರಪಟ್ಟಿ ಒಂದು. ಎಪಿಎಂಸಿಯ ಪಟ್ಟಿಯಲ್ಲಿ ಉತ್ಪನ್ನ, ಆವಕ, ಕನಿಷ್ಠ, ಗರಿಷ್ಠ, ಮಾದರಿ ದರ ಎಂದು ಐದಾರು ಮನೆಗಳಿರುತ್ತವೆ. ರಾಜ್ಯ ಸರಕಾರದ ಕೃಷಿ ಮಾರಾಟ ವಾಹಿನಿಯಲ್ಲಿ ಇಂಥ ದರಗಳೆಲ್ಲ ಸಿಗುತ್ತವೆ. ಅದನ್ನು ಹಾಗೆಯೇ ತಂದು ಫೋನಿಗೆ ಇಳಿಸಿದರೆ ಕೊನೆಯ ಮಾದರಿ ದರ ಪರದೆಯ ಆಚೆ ಉಳಿಯುತ್ತದೆ. ರೈತನಿಗೆ ಬೇಕಾದದ್ದು ಅದೇ. ಅಮರಗೋಳದ ಮಾರುಕಟ್ಟೆಗೆ ಗಾಡಿ ಹೊಡೆಯಬೇಕೋ, ಇನ್ನೆಂಟು ದಿನ ಮನೆಯಲ್ಲಿಟ್ಟುಕೊಳ್ಳಬೇಕೋ ಎಂದು ತೀರ್ಮಾನಿಸುವುದು ಆ ಒಂದು ಅಂಕಿಯಿಂದ. ಆದ್ದರಿಂದ ಫೋನಿನಲ್ಲಿ ಪಟ್ಟಿಯನ್ನು ತಿರುಗಿಸಿ ಹಾಕಿಸಿ: ಎಡಕ್ಕೆ ಬೆಳೆಯ ಹೆಸರು, ಅದರ ಎದುರಿಗೆ ದಪ್ಪ ಅಕ್ಷರದಲ್ಲಿ ಕ್ವಿಂಟಲ್ಲಿಗೆ ಮಾದರಿ ದರ, ಕೆಳಗೆ ಸಣ್ಣದಾಗಿ ಕನಿಷ್ಠ, ಗರಿಷ್ಠ, ತಾರೀಖು. ತಾರೀಖು ಮರೆಯಬೇಡಿ. ಹೋದ ತಿಂಗಳ ಉಳ್ಳಾಗಡ್ಡಿ ದರ ಇವತ್ತಿನದೆಂದು ತಿಳಿದು ಲಾರಿ ತುಂಬಿದವನ ಗತಿ ಏನು? ನಿಮ್ಮ ಊರಿನ ಬೆಳೆಯೇ ಮೇಲಿರಲಿ. ಅಣ್ಣಿಗೇರಿಯ ಸೈಟಿನಲ್ಲಿ ಮೆಣಸಿನಕಾಯಿ, ಕಡಲೆ. ಕಲಘಟಗಿಯದರಲ್ಲಿ ಭತ್ತ, ಗೋವಿನಜೋಳ. ವರ್ಣಮಾಲೆಯ ಕ್ರಮ ಹಿಡಿದು ಅಡಿಕೆಯನ್ನು ಮೇಲಿಡುವುದು ಎರೆಹೊಲದವರಿಗೆ ಮಾಡುವ ಚೇಷ್ಟೆ.

ಚಿತ್ರಗಳದ್ದು ಬೇರೆ ನ್ಯಾಯ. ನವಲಗುಂದದ ಜಮಖಾನಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂದು ವರ್ಷಗಳಾದವು. ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ಹೆಣ್ಣುಮಕ್ಕಳು ನೇಯುವ ಆ ಹಾಸನ್ನು ದೂರದ ಊರಿನವರು ಕೊಳ್ಳುವುದು ಚಿತ್ರ ನೋಡಿಯೇ. ಇಲ್ಲಿ ಫೋನಿನಲ್ಲೂ ಎರಡು ಕಾಲಂ ಇರಲಿ ಎನ್ನುತ್ತೇನೆ. ಕೊಳ್ಳುವವರು ಒಂದಕ್ಕೊಂದು ಹೋಲಿಸಿ ನೋಡುತ್ತಾರೆ. ಇದರ ಅಂಚು ಚಂದವೋ, ಅದರ ನವಿಲು ಚಂದವೋ. ಒಂದೊಂದಾಗಿ ತೋರಿಸಿದರೆ ನಾಲ್ಕನೆಯದು ಬರುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ. ಚಿತ್ರದ ಕೆಳಗೆ ಉದ್ದಳತೆ, ಬೆಲೆ, ಇಷ್ಟೇ. ಒಂದು ಸಾಲು ಮೀರಬಾರದು. ಕಲಘಟಗಿಯ ತೊಟ್ಟಿಲಿಗೆ ಮಾತ್ರ ಈ ಮಾತು ಒಪ್ಪುವುದಿಲ್ಲ. ಅದರ ಹಲಗೆಗಳ ಮೇಲೆ ಕೃಷ್ಣನ ಬಾಲಲೀಲೆ, ರಾಮಾಯಣದ ಸನ್ನಿವೇಶಗಳನ್ನು ಕೈಯಿಂದ ಬರೆದಿರುತ್ತಾರೆ. ಅಂಗುಲದಷ್ಟು ಚೌಕಕ್ಕೆ ಕುಗ್ಗಿಸಿದರೆ ಬಣ್ಣದ ಕಲೆ ಕಾಣುತ್ತದೆಯೇ ಹೊರತು ಕೆಲಸ ಕಾಣುವುದಿಲ್ಲ. ಪರದೆಯ ಪೂರ್ತಿ ಅಗಲಕ್ಕೆ ಒಂದೊಂದು ಹಲಗೆಯ ಚಿತ್ರ ಹಾಕಿ, ಒಂದರ ಕೆಳಗೊಂದು. ಅಷ್ಟು ದುಬಾರಿಯ ವಸ್ತು ಕೊಳ್ಳುವವರು ಸಾವಕಾಶವಾಗಿಯೇ ನೋಡುತ್ತಾರೆ.

ಕುಂದಗೋಳದ ಸಂಗೀತ ಸಮಿತಿಗಳವರಿಗೆ ಪ್ರತ್ಯೇಕವಾಗಿ ಹೇಳಬೇಕು. ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು ನಿಮ್ಮದು. ಭೀಮಸೇನ ಜೋಶಿ ಈ ಗುರುಗಳ ಮನೆಯಲ್ಲಿದ್ದು ಕಲಿತರು, ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತು ಹೋಗುತ್ತಿದ್ದರು. ನಾಡಿಗೇರ ವಾಡೆಯ ಸಂಗೀತೋತ್ಸವದ ಹಳೆಯ ಕರಪತ್ರ, ಫೋಟೊ, ನೆನಪಿನ ಬರಹಗಳನ್ನು ಕೂಡಿಸಿ ಇಟ್ಟರೆ ಅದನ್ನು ಪುಣೆ, ಮುಂಬೈಗಳಲ್ಲಿ ಕೂತು ಓದುವವರಿದ್ದಾರೆ, ಅದೂ ಲ್ಯಾಪ್‌ಟಾಪಿನಲ್ಲಿ. ನಿಮ್ಮಂಥವರಿಗೆ ದೊಡ್ಡ ಪರದೆಯಲ್ಲಿ ಎರಡು ಕಾಲಂ ಒಪ್ಪುತ್ತದೆ: ಅಗಲದ ಕಾಲಮ್ಮಿನಲ್ಲಿ ಬರಹ, ಕಿರಿದರಲ್ಲಿ ಆ ವರ್ಷ ಹಾಡಿದವರ ಪಟ್ಟಿ, ಪಕ್ಕವಾದ್ಯದವರ ಹೆಸರು, ಟಿಪ್ಪಣಿ. ಫೋನಿಗೆ ಬಂದಾಗ ಕಿರಿದು ಬರಹದ ಕೆಳಗೆ ಇಳಿಯಲಿ. ಮೂರನೆಯ ಕಾಲಂ ನಿಮಗೂ ಬೇಡ.

ಎರಡು ಕಾಲಂ ಒಪ್ಪುವ ಇನ್ನೊಂದು ಕಡೆ ಗ್ರಾಮ ಒನ್ ಸೇವಾ ಕೇಂದ್ರ. ಅಲ್ಲಿ ಕಂಪ್ಯೂಟರ್ ಮುಂದೆ ಕೂತವರು ಹತ್ತಾರು ಜನರ ಅರ್ಜಿ ತುಂಬುತ್ತಾರೆ. ಎಡಕ್ಕೆ ಅರ್ಜಿ, ಬಲಕ್ಕೆ ಬೇಕಾದ ಕಾಗದಗಳ ಪಟ್ಟಿ ಇದ್ದರೆ ಮೇಲೆ ಕೆಳಗೆ ಹೋಗಿ ಬರುವ ಕೆಲಸ ತಪ್ಪುತ್ತದೆ.

ಹಿರಿಯರ ಮಾತನ್ನೂ ಆಡಬೇಕು. ನಿಮ್ಮ ಸದಸ್ಯರಲ್ಲಿ ಅರವತ್ತು ದಾಟಿದವರು ಎಷ್ಟು ಜನ? ಅವರ ಮೊಮ್ಮಕ್ಕಳು ಫೋನಿನ ಅಕ್ಷರವನ್ನು ಎಲ್ಲಕ್ಕಿಂತ ದೊಡ್ಡದು ಮಾಡಿ ಕೊಟ್ಟಿರುತ್ತಾರೆ. ಆ ಗಾತ್ರದಲ್ಲಿ ಒಂದು ಕಾಲಂ ಕೆಳಕ್ಕೆ ಉದ್ದವಾಗುತ್ತದೆ ಅಷ್ಟೆ. ಎರಡು ಕಾಲಂ ಒಡೆದು ಹೋಗುತ್ತದೆ, ಓದಲು ಪುಟವನ್ನು ಅಡ್ಡಡ್ಡ ಎಳೆಯಬೇಕಾಗುತ್ತದೆ. 320 ಪಿಕ್ಸೆಲ್ ಅಗಲದಲ್ಲೂ ಅಡ್ಡ ಎಳೆಯದೆ ಓದಲು ಬರಬೇಕೆಂದು 2018ರಲ್ಲಿ ಅಂತಾರಾಷ್ಟ್ರೀಯ ಸೂತ್ರಗಳಿಗೆ ಸೇರಿಸಿದ ನಿಯಮ ಹೇಳುತ್ತದೆ. ನಮ್ಮ ಸರಕಾರದ ಸೈಟುಗಳಿಗೂ 2009ರಿಂದ ಮಾರ್ಗಸೂಚಿ ಇದೆ, 2023ರಲ್ಲಿ ಅದರ ಮೂರನೆಯ ಆವೃತ್ತಿ ಬಂತು. ನಿಮ್ಮದು ಸರಕಾರಿ ಸೈಟು ಅಲ್ಲ, ಕಡ್ಡಾಯವೇನಿಲ್ಲ. ಆದರೂ ಆ ಹಿರಿಯರು ನಿಮ್ಮ ಶೇರುದಾರರು.

ಡೆವಲಪರ್ ಹುಡುಗನಿಗೆ ಏನು ಹೇಳಬೇಕು ಎಂದು ಕೇಳುತ್ತೀರಿ. ಅವನ ಭಾಷೆ ಕಲಿಯುವ ಅಗತ್ಯವಿಲ್ಲ. ಮೊದಲು ಫೋನಿನ ಪುಟ ಮಾಡು, ಆಮೇಲೆ ಅದನ್ನೇ ಲ್ಯಾಪ್‌ಟಾಪಿಗೆ ಅಗಲ ಮಾಡು ಎನ್ನಿ. ಲ್ಯಾಟಿನ್ ತುಂಬಿದ ಮಾದರಿ ಬೇಡ, ಹೋದ ವರ್ಷದ ನಮ್ಮ ನೋಟೀಸನ್ನೇ ತುಂಬಿ ತೋರಿಸು ಎನ್ನಿ. ಓಡುವ ಅಕ್ಷರ, ಸರಿಯುವ ಫೋಟೊ ಬೇಡ ಎನ್ನಿ. ಓದುವುದರೊಳಗೆ ಓಡಿ ಹೋಗುವುದನ್ನು ಹಾಕಿ ಏನು ಪ್ರಯೋಜನ? ‘ಬೋಳು ಕಾಣುತ್ತದೆ’ ಎಂದು ಮಂಡಳಿಯಲ್ಲಿ ಯಾರಾದರೂ ಅಂದರೆ, ಪ್ರೊಜೆಕ್ಟರ್ ಆರಿಸಿ ಅವರವರ ಜೇಬಿನ ಫೋನಿನಲ್ಲೇ ನೋಡಲು ಹೇಳಿ. ಅಗಲದ ಗೋಡೆಯ ಮೇಲೆ ಬೋಳು ಕಂಡದ್ದು ಅಲ್ಲಿ ಭರ್ತಿಯಾಗಿಯೇ ಕಾಣುತ್ತದೆ.

ಕೊನೆಯ ಕಂತಿನ ಹಣ ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಮಂಡಳಿಯಲ್ಲಿ ಇಲ್ಲದ ಇಬ್ಬರು ಸದಸ್ಯರನ್ನು ಕರೆಯಿರಿ. ಒಬ್ಬರು ಹೆಣ್ಣುಮಗಳಿರಲಿ, ಒಬ್ಬರು ಹಿರಿಯರಿರಲಿ, ಫೋನು ಅವರದೇ ಇರಲಿ. ನಡು ಮಧ್ಯಾಹ್ನ ಹೊರಗೆ ಬಿಸಿಲಿಗೆ ನಿಲ್ಲಿಸಿ “ಅಕ್ಕಾರ, ಇದರಾಗ ಕಡ್ಲಿ ದರಾ ಎಷ್ಟೈತಿ ನೋಡಿ ಹೇಳ್ರಿ” ಎಂದು ಕೇಳಿ ಸುಮ್ಮನಿರಿ. ನಡುವೆ ಬಾಯಿ ಹಾಕಿ ‘ಮ್ಯಾಲೆ ಒತ್ರಿ, ಬಲಕ್ಕ ಸರಸ್ರಿ’ ಎಂದು ಹೇಳಿಕೊಡಬೇಡಿ. ಅವರಿಗೆ ಸಿಕ್ಕರೆ ಹಣ ಕೊಡಿ. ಸಿಗದಿದ್ದರೆ ಹುಡುಗನಿಗೆ ಪುಟದ ಕ್ರಮ ಬದಲಿಸಿಕೊಂಡು ಬರಲು ಹೇಳಿ. ಈಗಾಗಲೇ ಮೂರು ಕಾಲಂ ಮಾಡಿಸಿಕೊಂಡು ಕೂತಿರುವ ಸಂಘಗಳವರೂ ಇದನ್ನು ಮಾಡಬಹುದು. ಫೋನಿನಲ್ಲಿ ಯಾವ ಪಟ್ಟಿ ಮೇಲೆ ಬರಬೇಕೆಂದು ಬದಲಿಸುವುದು ಹೊಸ ಸೈಟು ಕಟ್ಟಿದಷ್ಟು ದೊಡ್ಡ ಕೆಲಸವಲ್ಲ. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದಕ್ಕೊಂದು ಜಾಗ ಕೊಡಿ ಎಂದು ನಿಮ್ಮೆಲ್ಲರಲ್ಲಿ ಕಳಕಳಿಯ ವಿನಂತಿ.

ಇಂತಿ ನಿಮ್ಮವ,
ಧಾರವಾಡದ ಒಬ್ಬ ಪುಟ ಕಟ್ಟುವವ